ಕೊನೆಯ ಹೊಡೆತಕ್ಕೆ ಅಷ್ಟೊಂದು ಅವಸರ ಬೇಡ

ಪ್ರಿಯ ಲೇಖಕರೆ,

1960ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಸರಣಿ) ಏಳನೇ ಪಂದ್ಯದ, ಪಿಟ್ಸ್‌ಬರ್ಗ್ ಪೈರೇಟ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ನಡುವಿನದರ, ಬಗ್ಗೆ ನೀವು ಕಳಿಸಿದ ಬರಹ ಓದಿದೆವು. ಈಗಿರುವಂತೆ ಹಾಕಲಾಗದು. ತಿದ್ದಿ ಕಳಿಸಿ.

ಮೊದಲು ತಪ್ಪು. ‘ಎರಡು ಔಟ್, ಬೇಸ್‌ಗಳೆಲ್ಲ ಭರ್ತಿ’ ಎಂದಿದ್ದೀರಿ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಬಿಲ್ ಮೆಜರಾಸ್ಕಿ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ತಮ್ಮ ತಂಡದ ಪರ ಮೊದಲು ಬಂದವರು. ಔಟ್ ಒಂದೂ ಇಲ್ಲ, ಬೇಸ್‌ಗಳು (ಓಟಗಾರರು ನಿಲ್ಲುವ ತಾಣಗಳು) ಖಾಲಿ, ಸ್ಕೋರ್ 9-9. ಯಾಂಕೀಸ್ ಪಿಚರ್ (ಚೆಂಡೆಸೆಯುವವರು) ರಾಲ್ಫ್ ಟೆರಿಯ ಎರಡನೇ ಎಸೆತ ಎಡಗಡೆಯ ಗೋಡೆ ದಾಟಿತು, ಪಂದ್ಯ ಮುಗಿಯಿತು. ಇದಕ್ಕೆ ಮಸಾಲೆ ಯಾಕೆ?

ಅರ್ಧ ಬರಹ ಆ ಹೊಡೆತಕ್ಕೇ ಹೋಗಿದೆ, ಎಂಟನೇ ಇನ್ನಿಂಗ್ಸ್‌ಗೆ ಸಿಕ್ಕಿದ್ದು ಒಂದೇ ಸಾಲು. ಪಂದ್ಯ ತಿರುಗಿದ್ದೇ ಅಲ್ಲಿ. ಯಾಂಕೀಸ್ 7-4ರಿಂದ ಮುಂದಿತ್ತು. ಪೈರೇಟ್ಸ್‌ನ ವರ್ಡನ್ ಹೊಡೆದ ಚೆಂಡು ಡಬಲ್ ಪ್ಲೇಗೆ (ಒಂದೇ ಹೊಡೆತಕ್ಕೆ ಎರಡು ಔಟ್) ಹೇಳಿ ಮಾಡಿಸಿದಂತೆ ಯಾಂಕೀಸ್ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಕುಬೆಕ್ ಕಡೆ ಉರುಳಿ, ದಿಢೀರನೆ ಪುಟಿದು ಅವರ ಗಂಟಲಿಗೆ ಬಡಿಯಿತು. ಎರಡು ಔಟ್ ಸಿಗಬೇಕಾದಲ್ಲಿ ಒಂದೂ ಸಿಗಲಿಲ್ಲ. ಸ್ಕೋರ್ 7-5 ಆಗಿ, ಎರಡು ಔಟ್ ಬಿದ್ದ ಮೇಲೆ ಪೈರೇಟ್ಸ್‌ನ ಕ್ಲೆಮೆಂಟೆ ಮೊದಲ ಬೇಸ್ ಕಡೆ ಮೆಲ್ಲಗೆ ಹೊಡೆದರು. ಯಾಂಕೀಸ್‌ನ ಸ್ಕೌರಾನ್ ಚೆಂಡು ಹಿಡಿದರೂ, ಬೇಸ್‌ಗೆ ಓಡಿ ಬರಬೇಕಿದ್ದ ಪಿಚರ್ ಕೋಟ್ಸ್ ಬರಲಿಲ್ಲ, ಒಂದು ರನ್ ಬಂದು 7-6 ಆಯಿತು. ಮೂರು ಔಟ್‌ಗೆ ಸರದಿ ಮುಗಿಯುತ್ತದೆ, ಆ ಔಟ್ ಸಿಕ್ಕಿದ್ದರೆ ಹಾಲ್ ಸ್ಮಿತ್ ಆ ಇನ್ನಿಂಗ್ಸ್‌ನಲ್ಲಿ ಬ್ಯಾಟ್ ಹಿಡಿಯುತ್ತಲೇ ಇರಲಿಲ್ಲ. ಅವರ ಮೂರು ರನ್ನಿನ ಹೋಮ್‌ರನ್‌ನಿಂದ (ಮೈದಾನ ದಾಟಿದ ಹೊಡೆತ) ಪೈರೇಟ್ಸ್ 9-7. ಈ ಸರಪಳಿಗೆ ಕನಿಷ್ಠ ಎರಡು ಪ್ಯಾರಾ ಕೊಡಿ.

ಒಂಬತ್ತನೆಯದರಲ್ಲಿ ಯಾಂಕೀಸ್‌ನ ಮ್ಯಾಂಟಲ್ ಕಥೆ ನಿಮ್ಮಲ್ಲಿದೆ, ಆದರೆ ನಿಯಮ ಹೇಳದ ಕಾರಣ ಕ್ರಿಕೆಟ್ ಓದುಗರಿಗೆ ತಲೆಬುಡ ತಿಳಿಯದು. ಮೊದಲ ಬೇಸ್‌ನಲ್ಲಿರುವ ಓಟಗಾರ ಎರಡನೆಯದಕ್ಕೆ ಓಡಲೇಬೇಕಾಗುವುದು ಹಿಂದಿನಿಂದ ಬ್ಯಾಟರ್ ಬರುತ್ತಿರುವಾಗ ಮಾತ್ರ. ಆ ಬ್ಯಾಟರ್ ಮೊದಲೇ ಔಟಾದರೆ ಒತ್ತಡ ತಪ್ಪುತ್ತದೆ, ಓಟಗಾರನನ್ನು ಚೆಂಡಿನಿಂದ ಮುಟ್ಟಲೇಬೇಕು. ಒಂದು ಔಟ್ ಆಗಿತ್ತು, ಮ್ಯಾಂಟಲ್ ಮೊದಲ ಬೇಸ್‌ನಲ್ಲಿದ್ದರು. ಅವರದೇ ತಂಡದ ಬೆರ್ರಾ ಹೊಡೆದ ಚೆಂಡು ಹಿಡಿದ ಪೈರೇಟ್ಸ್‌ನ ನೆಲ್ಸನ್ ಮೊದಲು ಬೇಸ್ ತುಳಿದರು, ಬೆರ್ರಾ ಔಟ್. ಮ್ಯಾಂಟಲ್ ಮಾತ್ರ ನೆಲ್ಸನ್ ಕೈ ತಪ್ಪಿಸಿ ಅದೇ ಬೇಸ್‌ಗೆ ಹಾರಿ ಬಿದ್ದರು. ಅತ್ತ ಮೂರನೇ ಬೇಸ್‌ನಿಂದ ಯಾಂಕೀಸ್‌ನ ಮೆಕ್‌ಡೂಗಲ್ ಬಂದು, 9-8 ಇದ್ದದ್ದು 9-9. ಮೆಕ್‌ಡೂಗಲ್ ಬರುವ ಮೊದಲೇ ಮ್ಯಾಂಟಲ್‌ನನ್ನು ಮುಟ್ಟಿದ್ದರೆ ಅದೇ ಮೂರನೇ ಔಟ್, ಆ ರನ್ ಲೆಕ್ಕಕ್ಕಿಲ್ಲ, ಪಂದ್ಯ 9-8ಕ್ಕೆ ಅಲ್ಲೇ ಮುಗಿಯುತ್ತಿತ್ತು, ಮೆಜರಾಸ್ಕಿ ಬರುವ ಪ್ರಸಂಗವೇ ಇರಲಿಲ್ಲ. ನಿಯಮವನ್ನು ಘಟನೆಗಿಂತ ಮೊದಲೇ ಹೇಳಿಬಿಡಿ, ನಡುವೆ ತುರುಕಬೇಡಿ.

ಸರಣಿಯಲ್ಲಿ ಯಾಂಕೀಸ್ 55 ರನ್, ಪೈರೇಟ್ಸ್ ಬರೀ 27 ಎಂಬ ವಿವರ ಕೊನೆಯಲ್ಲಿ ಕೊಳೆಯುತ್ತಿದೆ, ಅದನ್ನು ಮೇಲೆ ತನ್ನಿ. ಇಡೀ ಪಂದ್ಯದಲ್ಲಿ ಒಬ್ಬರೂ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆಗಲಿಲ್ಲ ಎಂಬ ಸಾಲು ಚೆನ್ನಾಗಿದೆ, ಇರಲಿ. ‘ಇತಿಹಾಸದ ಪುಟಗಳಲ್ಲಿ ಅಚ್ಚಳಿಯದೆ’ ಮೂರು ಕಡೆ ಬಂದಿದೆ, ಮೂರನ್ನೂ ತೆಗೆಯಿರಿ.