ಆಫೀಸಿನ ಕುರ್ಚಿಗೆ ಈಗಲೇ ಹೂಂ ಅನ್ನಬೇಡಿ

ಈ ವಾರ ನವಿ ಮುಂಬೈಯ ನೇರೂಳಿನಿಂದ ಬಂದ ಕಾಗದ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ.

ಹೆಸರು ಹಾಕಬೇಡಿ ಎಂದಿದ್ದಾರೆ. ಊರು ಕುಮಟಾ ಕಡೆ, ವಯಸ್ಸು 37. ಮರ್ಚಂಟ್ ನೇವಿಯಲ್ಲಿ ಚೀಫ್ ಆಫೀಸರ್, ಅಂದರೆ ಕ್ಯಾಪ್ಟನ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಕೆಲಸ ತೈಲ ಟ್ಯಾಂಕರ್‌ಗಳಲ್ಲಿ. ಗಂಡನಿಗೆ ವಾಶಿಯಲ್ಲಿ ಬ್ಯಾಂಕ್ ಕೆಲಸ. ಮಗಳಿಗೆ ಒಂಬತ್ತು. ಇವರು ಹಡಗು ಹತ್ತಿದರೆ ಐದಾರು ತಿಂಗಳು ಮನೆಗೆ ಅತ್ತೆಯೇ ದಿಕ್ಕು. ಈಗ ಕಂಪನಿ ಅಂಧೇರಿಯ ಆಫೀಸಿಗೆ ಬನ್ನಿ ಎಂದು ಕರೆದಿದೆ. ಮಹಿಳಾ ನಾವಿಕರ ವಿಭಾಗಕ್ಕೆ ಮುಖ್ಯಸ್ಥೆ ಮಾಡುತ್ತಾರಂತೆ. ಕಾಲೇಜುಗಳಿಗೆ ಹೋಗಿ ಹುಡುಗಿಯರ ಜೊತೆ ಮಾತಾಡಬೇಕು, ಮೇ 18ರ ಅಂತರರಾಷ್ಟ್ರೀಯ ಕಡಲ ಮಹಿಳೆಯರ ದಿನದ ಕಾರ್ಯಕ್ರಮದಲ್ಲಿ ವೇದಿಕೆ ಮೇಲೆ ಕೂರಬೇಕು. ಅತ್ತೆ ಗೊಣಗುತ್ತಾರೆ, ಗಂಡ ‘ನಿನ್ನಿಷ್ಟ’ ಅನ್ನುತ್ತಾರೆ, ಗಂಡನ ಸೋದರಮಾವ ‘ಕಣ್ಣು ಮುಚ್ಚಿ ಒಪ್ಪಿಕೋ’ ಅನ್ನುತ್ತಾರೆ. ಒಪ್ಪಲೇ, ಬಿಡಲೇ ಎಂದು ಕೇಳಿದ್ದಾರೆ.

ನಾಲ್ಕು ಪುಟದ ಕಾಗದದಲ್ಲಿ ಮೂರು ಪುಟ ಅತ್ತೆಯ ಮೇಲಿನ ದೂರು. ಕೊನೆಗೆ, ಸಹಿಗಿಂತ ಸ್ವಲ್ಪ ಮೇಲೆ, ಒಂದು ಸಾಲು ಹೀಗಿದೆ: ‘ಮಾಸ್ಟರ್ ಸಿಒಸಿ ಪಾಸಾಗಿ ನಾಲ್ಕು ವರ್ಷ ಆಯಿತು. ಆರು ವರ್ಷದ ಹಿಂದೆ ನನ್ನ ಕೈಕೆಳಗೆ ಸೆಕೆಂಡ್ ಆಫೀಸರ್ ಆಗಿದ್ದವನು ಹೋದ ತಿಂಗಳು ಕ್ಯಾಪ್ಟನ್ ಆದ. ಇರಲಿ ಬಿಡಿ.’

ಇರಲಿ ಬಿಡಿ ಎಂದರೆ ಹೇಗೆ? ಇಡೀ ಕಾಗದದ ವಿಷಯವೇ ಅದಲ್ವಾ! ಮಾಸ್ಟರ್ ಸಿಒಸಿ ಎಂದರೆ ಕ್ಯಾಪ್ಟನ್ ಆಗಲು ಬೇಕಾದ ಅರ್ಹತಾ ಸರ್ಟಿಫಿಕೇಟ್. ಅದನ್ನು ಕೈಯಲ್ಲಿಟ್ಟುಕೊಂಡು ನಾಲ್ಕು ವರ್ಷ ಚೀಫ್ ಆಫೀಸರ್ ಆಗಿಯೇ ದುಡಿದಿದ್ದೀರಿ. ‘ಮುಂದಿನ ಕಾಂಟ್ರಾಕ್ಟ್‌ನಲ್ಲಿ ನೋಡೋಣ’ ಎಂದು ಪ್ರತಿ ಸಲ ಫೋನಿನಲ್ಲಿ ಹೇಳಿದರು ಎಂದು ನೀವೇ ಬರೆದಿದ್ದೀರಿ. ಈಗ ಹಡಗು ಕೊಡುವ ಬದಲು ಮೈಕು ಕೊಡುತ್ತಿದ್ದಾರೆ.

ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು. ಸಹಿಗೆ ಬೆಲೆ ಇಲ್ಲದ ಹುದ್ದೆಯನ್ನು ನಾನು ಹುದ್ದೆ ಎಂದು ಒಪ್ಪುವುದಿಲ್ಲ. ಹಡಗಿನಲ್ಲಿ ಕ್ಯಾಪ್ಟನ್ ಸಹಿಗೆ ಇರುವ ಬೆಲೆ ನಿಮಗೆ ನಾನು ಹೇಳಬೇಕಿಲ್ಲ, ಬೇರೆ ಓದುಗರಿಗಾಗಿ ಹೇಳುತ್ತೇನೆ. ಜನರ ಜೀವ ಉಳಿಸಲು, ಸಮುದ್ರಕ್ಕೆ ಎಣ್ಣೆ ಸೋರದಂತೆ ತಡೆಯಲು ಕ್ಯಾಪ್ಟನ್ ತೆಗೆದುಕೊಳ್ಳುವ ತೀರ್ಮಾನಕ್ಕೆ ಹಡಗಿನ ಮಾಲೀಕರೂ ಅಡ್ಡ ಬರುವಂತಿಲ್ಲ. ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. 2015ರ ಜೂನ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ದುರ್ಗಮ್ಮ ಎಂಬ ಮೀನುಗಾರಿಕೆ ದೋಣಿ ಕೆಟ್ಟು ನಿಂತು, ಏಳು ಜನ ಅಬ್ಬರದ ಅಲೆಗಳ ನಡುವೆ ಸಿಕ್ಕಿಕೊಂಡಿದ್ದರು. ಸಂಪೂರ್ಣ ಸ್ವರಾಜ್ಯ ಎಂಬ ಟ್ಯಾಂಕರ್‌ನ ಕ್ಯಾಪ್ಟನ್ ರಾಧಿಕಾ ಮೆನನ್ ಆ ಗಾಳಿ ಮಳೆಯಲ್ಲೇ ಅವರನ್ನು ಹಡಗಿಗೆ ಹತ್ತಿಸಿಕೊಂಡರು. ಮರುವರ್ಷ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಶೌರ್ಯ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಕಾಪಾಡಲು ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವ ಜಾಗದಲ್ಲಿ ಅವರಿದ್ದರು. ನಿಮ್ಮನ್ನು ಆ ಜಾಗದ ಹೊಸ್ತಿಲಲ್ಲಿ ನಿಲ್ಲಿಸಿ, ಈಗ ವಾಪಸ್ ಬನ್ನಿ ಅನ್ನುತ್ತಿದ್ದಾರೆ.

ದಡದ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಸುಮತಿ ಮೊರಾರ್ಜಿ ಇದೇ ಮುಂಬೈಯಲ್ಲಿ ಕೂತು ಸಿಂಧಿಯಾ ಹಡಗು ಕಂಪನಿಯನ್ನು ನಡೆಸಿದರು. 1956ರಲ್ಲಿ ದೇಶದ ಹಡಗು ಮಾಲೀಕರ ಸಂಘಕ್ಕೇ ಅಧ್ಯಕ್ಷೆಯಾದರು. ಶಿಪ್ಪಿಂಗ್ ಕಾರ್ಪೊರೇಷನ್ನಿಗೂ 2019ರಲ್ಲಿ ಮಹಿಳೆಯೊಬ್ಬರು ಮುಖ್ಯಸ್ಥೆಯಾದರು. ನಿಮ್ಮ ಕಂಪನಿ ಡಿಪಿಎ (ಡೆಸಿಗ್ನೇಟೆಡ್ ಪರ್ಸನ್ ಅಶೋರ್, ಹಡಗಿನ ಸುರಕ್ಷತೆಗೆ ದಡದಲ್ಲಿರುವ ಹೊಣೆಗಾರ) ಹುದ್ದೆ ಕೊಟ್ಟಿದ್ದರೆ ನನ್ನ ಮಾತೇ ಬೇರೆ ಇರುತ್ತಿತ್ತು. ಹಡಗಿನ ಸುರಕ್ಷತೆ ವಿಷಯದಲ್ಲಿ ಡಿಪಿಎ ನೇರವಾಗಿ ಕಂಪನಿಯ ಅತಿ ಮೇಲಿನವರ ಬಾಗಿಲು ತಟ್ಟಬಹುದು, ನಡುವೆ ಯಾರೂ ತಡೆಯುವಂತಿಲ್ಲ. ಫ್ಲೀಟ್ ಮ್ಯಾನೇಜರ್ ಆದರೂ ಸರಿ. ನಿಮಗೆ ಹೇಳಿರುವ ಕೆಲಸದಲ್ಲಿ ಒಂದು ಹಡಗಿನ ಮೇಲೂ ನಿಮ್ಮ ಮಾತು ನಡೆಯುವುದಿಲ್ಲ. ಕಾಲೇಜಿನಲ್ಲಿ ಯಾವಳಾದರೂ ಹುಡುಗಿ ಎದ್ದು ‘ಮೇಡಂ, ನೀವು ಯಾವ ಹಡಗಿಗೆ ಕ್ಯಾಪ್ಟನ್ ಆಗಿದ್ರಿ?’ ಎಂದು ಕೇಳಿದರೆ ಏನು ಹೇಳುತ್ತೀರಿ?

ಇನ್ನೊಂದು ಮಾತು. ಸಿಒಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಆ ಐದು ವರ್ಷದಲ್ಲಿ 12 ತಿಂಗಳು ಸಮುದ್ರದಲ್ಲಿ ಕೆಲಸ ಮಾಡಿರಬೇಕು. ಬೇರೆ ದಾರಿಗಳೂ ಇವೆ, ಸರ್ಟಿಫಿಕೇಟ್ ಹೇಗೋ ಉಳಿಯುತ್ತದೆ. ಅವಕಾಶ ಉಳಿಯುವುದು ಕಷ್ಟ. ಟ್ಯಾಂಕರ್ ಬಾಡಿಗೆಗೆ ಪಡೆಯುವ ದೊಡ್ಡ ತೈಲ ಕಂಪನಿಗಳು, ಅಧಿಕಾರಿಗಳು ಈ ಹುದ್ದೆಯಲ್ಲಿ ಎಷ್ಟು ಕಾಲ, ಈ ಕಂಪನಿಯಲ್ಲಿ ಎಷ್ಟು ಕಾಲ ಎಂದು ಲೆಕ್ಕ ನೋಡುತ್ತವೆ. ಮೂರು ವರ್ಷ ಅಂಧೇರಿಯಲ್ಲಿ ಕೂತು ಬಂದರೆ ‘ಈಗ ಗ್ಯಾಪ್ ಆಗಿದೆಯಲ್ಲ’ ಎಂದು ಇದೇ ಕಂಪನಿ ಹೇಳಬಹುದು.

ಡೊಂಬಿವಲಿಯಿಂದ ಪ್ರತಿ ಭಾನುವಾರ ಊಟಕ್ಕೆ ಬರುವ ಆ ಸೋದರಮಾವನ ಮಾತಿಗೆ ಬರುತ್ತೇನೆ. ನಿವೃತ್ತ ಚೀಫ್ ಎಂಜಿನಿಯರ್ ಅಂತೆ. ‘ಹೆಂಗಸು ಕ್ಯಾಪ್ಟನ್ ಆದರೆ ಕ್ರೂ ಕೇಳುವುದಿಲ್ಲ’ ಅನ್ನುತ್ತಾರಂತೆ. ಇಷ್ಟು ವರ್ಷ ಚೀಫ್ ಆಫೀಸರ್ ಆಗಿ ಡೆಕ್ಕಿನ ಜನರಿಂದ ಕೆಲಸ ಮಾಡಿಸಿದವರು ಯಾರು? ಅವರು ಬಂದು ಮಾಡಿಸಿದರಾ? ಹಡಗು ಉದ್ಯಮದ ಬಿಮ್ಕೊ ಸಂಸ್ಥೆ ಮತ್ತು ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಶಿಪ್ಪಿಂಗ್ ಸೇರಿ ತಂದ 2021ರ ವರದಿ ಪ್ರಕಾರ ಜಗತ್ತಿನ ನಾವಿಕರಲ್ಲಿ ಮಹಿಳೆಯರು ಶೇ 1.28 ಮಾತ್ರ. ಆ ಸೋದರಮಾವನ ಕಾಲದಲ್ಲಿ ಇನ್ನೂ ಕಡಿಮೆ. ಮಹಿಳಾ ಕ್ಯಾಪ್ಟನ್ ಕೈಕೆಳಗೆ ಒಂದು ದಿನವೂ ಕೆಲಸ ಮಾಡದವರು ಇಷ್ಟು ಗಟ್ಟಿಯಾಗಿ ಹೇಳುತ್ತಾರಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ. ನಿಮ್ಮ ಮನಸ್ಸಿನಲ್ಲಿ ಅಳುಕು ಬಿತ್ತಿದ್ದು ಅತ್ತೆಯಲ್ಲ, ಈ ಮನುಷ್ಯ.

ಅತ್ತೆಯ ವಿಷಯದಲ್ಲಿ ನಿಮ್ಮ ಮೂರು ಪುಟ ನನಗೆ ಹಿಡಿಸಲಿಲ್ಲ. ‘ಜಡೆ ಹಾಕುವುದೂ ನಾನೇ, ಪೇರೆಂಟ್ಸ್ ಮೀಟಿಂಗಿಗೆ ಹೋಗುವುದೂ ನಾನೇ’ ಎಂದು ಅವರು ಹೇಳಿದರೆ ಅದು ನಿಜ ತಾನೇ? ಗೊತ್ತಿಲ್ಲದ ಊರಲ್ಲಿ, ಮಂಡಿ ನೋವಿಟ್ಟುಕೊಂಡು, ಮರಾಠಿ ಬಾರದೆ ನಿಮ್ಮ ಮಗಳನ್ನು ಬೆಳೆಸಿದ್ದಾರೆ. ‘ಕೆಲಸ ಬಿಡು’ ಎಂದು ಅವರು ಒಂದು ಸಲವೂ ಅಂದಿಲ್ಲ, ನಿಮ್ಮ ಕಾಗದದಲ್ಲಿ ಹುಡುಕಿದೆ. ಅವರಿಗೆ ಸುಸ್ತಾಗಿದೆ. ಅಡುಗೆಗೆ ಒಬ್ಬರನ್ನು ಗೊತ್ತು ಮಾಡಿ, ಸ್ಕೂಲಿನ ಜವಾಬ್ದಾರಿ ಪೂರ್ತಿ ಗಂಡನಿಗೆ ಕೊಡಿ. ‘ನಿನ್ನಿಷ್ಟ’ ಎಂದು ಹೇಳಿ ಪೇಪರ್ ಓದಲು ಕೂರುವುದನ್ನು ಅವರೂ ಬಿಡಲಿ.

ನೀವು ಮಾಡಬೇಕಾದದ್ದು ಒಂದೇ. ಕಂಪನಿಗೆ ಇಮೇಲ್ ಬರೆಯಿರಿ. ಫೋನ್ ಬೇಡ, ಕಾಫಿ ಕುಡಿಯುತ್ತಾ ಮಾತಾಡುವುದು ಬೇಡ. ಬರಹದಲ್ಲಿ ಇಲ್ಲದ ಭರವಸೆಯನ್ನು ನಂಬಿದ್ದಕ್ಕೇ ನಾಲ್ಕು ವರ್ಷ ಹೋಯಿತು. ಮಾಸ್ಟರ್ ಸಿಒಸಿ ಪಡೆದ ದಿನಾಂಕ, ಚೀಫ್ ಆಫೀಸರ್ ಆಗಿ ಮಾಡಿದ ಸೀ ಟೈಮ್, ಸಿಕ್ಕ ಅಪ್ರೈಸಲ್‌ಗಳು, ಇಷ್ಟನ್ನು ಮೊದಲು ಬರೆಯಿರಿ. ಆಮೇಲೆ ಎರಡು ಪ್ರಶ್ನೆ ಕೇಳಿ: ನನಗೆ ಕಮಾಂಡ್ ಯಾವ ಹಡಗಿನಲ್ಲಿ, ಯಾವ ತಿಂಗಳು? ಕೊಡುವುದಿಲ್ಲವಾದರೆ ಯಾವ ಕೊರತೆಗೆ? ಹಡಗುಗಳಿಗೆ ಸಿಬ್ಬಂದಿ ನೇಮಿಸುವ ಕ್ರೂಯಿಂಗ್ ಮ್ಯಾನೇಜರ್ ಒಬ್ಬರಿಗೇ ಕಳಿಸಬೇಡಿ, ಅವರ ಮೇಲಿನವರಿಗೂ ಪ್ರತಿ ಹೋಗಲಿ. ಉತ್ತರ ಬರುವವರೆಗೆ ಅಂಧೇರಿಯ ಆಫರ್‌ಗೆ ಸಹಿ ಹಾಕಬೇಡಿ. ಹದಿನೈದು ದಿನ ಕಾದರೂ ಉತ್ತರ ಬಾರದಿದ್ದರೆ, ಅಥವಾ ಮತ್ತೆ ‘ನೋಡೋಣ’ ಎಂದರೆ, ಅದೇ ಕಾಗದಪತ್ರ ತೆಗೆದುಕೊಂಡು ಬೇರೆ ಕಂಪನಿಯ ಬಾಗಿಲಿಗೆ ಹೋಗಿ. ಇಮೇಲ್ ಕಳಿಸುವ ಮೊದಲು ಅತ್ತೆಗೆ ಓದಿ ಹೇಳಿ. ಡೊಂಬಿವಲಿಗೆ ಸುದ್ದಿ ಆಮೇಲೆ ತಲುಪಿದರೆ ಸಾಕು.