ಬ್ರಿಟಿಷ್ ರಾಜರ ಬ್ರಿಟಾನಿಯಾ ಯಾಟನ್ನ (ಹಾಯಿ ಕಟ್ಟಿ ರೇಸ್ ಓಡಿಸೋ ದೋಣಿ) ಬೇಕಂತಲೇ ಯಾಕೆ ಮುಳುಗಿಸಿದ್ರು?

ಐದನೇ ಜಾರ್ಜ್ ರಾಜನ ಕೊನೆ ಆಸೆಯೇ ಅದಾಗಿತ್ತು. ತನ್ನ ಕಾಲ ಆದ್ಮೇಲೆ ಈ ದೋಣಿ ಬೇರೆ ಯಾರ ಕೈಗೂ ಹೋಗೋದು ಬೇಡ ಅಂತ. (ಎಡಿನ್‌ಬರೋದಲ್ಲಿ ಈಗ ನೋಡೋಕೆ ಸಿಗೋ ಬ್ರಿಟಾನಿಯಾ ಇದಲ್ಲ, ಅದು 1953ರ ಹಡಗು, ಇಂಜಿನ್‌ದು.)

ಇದನ್ನ ಕಟ್ಟಿದ್ದು 1893ರಲ್ಲಿ, ಗ್ಲಾಸ್ಗೋದಲ್ಲಿ, ಡಿಸೈನ್ ಜಾರ್ಜ್ ಲೆನಾಕ್ಸ್ ವಾಟ್ಸನ್ ಅವರದ್ದು, ಮೊದಲ ಓನರ್ ಆಗ ಯುವರಾಜ ಆಗಿದ್ದ ಏಳನೇ ಎಡ್ವರ್ಡ್. ಆದ್ರೆ ಅಕ್ಕನ ಮಗ ಜರ್ಮನಿಯ ಕೈಸರ್ (ಚಕ್ರವರ್ತಿ) ವಿಲ್‌ಹೆಲ್ಮ್ ಪೈಪೋಟಿಗೆ ಬಿದ್ದು ಇನ್ನೂ ದೊಡ್ಡ ಯಾಟ್ ಕಟ್ಟಿಸಿದ, ಇಂಗ್ಲೆಂಡಿನ ಕೌಸ್ ಅನ್ನೋ ಊರಿನ ದೋಣಿ ರೇಸ್‌ಗಳಲ್ಲಿ ಅವನ ಜೋರು ತಡೆಯೋಕಾಗ್ದೆ ಎಡ್ವರ್ಡ್ ಬೇಸತ್ತು 1897ರಲ್ಲಿ ಮಾರೇಬಿಟ್ಟ, ಆಮೇಲೆ ದೋಣಿ ಕೈಯಿಂದ ಕೈಗೆ ತಿರುಗಿ ಕೊನೆಗೆ ರಾಜಮನೆತನಕ್ಕೇ ವಾಪಸ್ ಬಂತು.

ನಿಜವಾಗ್ಲೂ ಇದನ್ನ ಪ್ರೀತಿಸಿದ್ದು ಎಡ್ವರ್ಡ್ ಮಗ ಐದನೇ ಜಾರ್ಜ್. 1931ರಲ್ಲಿ, ದೋಣಿಗೆ ಹತ್ತಿರ ಹತ್ತಿರ 40 ವರ್ಷ ಆಗಿದ್ರೂ, ಹಳೇ ನಾಲ್ಕು ಮೂಲೆ ಹಾಯಿ ತೆಗೆಸಿ, ಉದ್ದನೆ ಕಂಬ ನಿಲ್ಲಿಸಿ ತ್ರಿಕೋನದ ಹಾಯಿ ಕಟ್ಟಿಸಿ ಹೊಸ ಜೆ ಕ್ಲಾಸ್ ದೋಣಿಗಳ (ಆಗಿನ ದೊಡ್ಡ ರೇಸ್ ಯಾಟ್‌ಗಳು) ಜೊತೆ ರೇಸಿಗೆ ಇಳಿಸಿದ. ಶುರುವಿಂದ ಕೊನೆವರೆಗೆ ಒಟ್ಟು 231 ಗೆಲುವು! ಯಾವ ದೋಣಿಗಾದ್ರೂ ಇದು ದೊಡ್ಡ ಮಾತೇ.

1936ರ ಜನವರಿಯಲ್ಲಿ ರಾಜ ತೀರಿಕೊಂಡ. ಮಕ್ಕಳಿಗೆ ಇದರ ಹುಚ್ಚು ಇರ್ಲಿಲ್ಲ. ಕಂಬ, ಹಗ್ಗ, ಸಾಮಾನೆಲ್ಲ ಬಿಚ್ಚಿ, ಜುಲೈ 10ರಂದು ಖಾಲಿ ಒಡಲನ್ನ ಎಳ್ಕೊಂಡು ಹೋಗಿ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ದಕ್ಷಿಣದ ಆಳ ನೀರಲ್ಲಿ ಮುಳುಗಿಸಿದ್ರು. ಮ್ಯೂಸಿಯಂನಲ್ಲಿ ಇಡಬಹುದಿತ್ತಲ್ಲ ಅಂತ ನಂಗೆ ಈಗ್ಲೂ ಹೊಟ್ಟೆ ಉರಿಯತ್ತೆ.