ಅಪ್ಪನ ಉಬ್ಬಸಕ್ಕೆ ಮಾತ್ರೆ ಸಾಕಾ? ಪಂಪ್ (ಬಾಯಲ್ಲಿಟ್ಟು ಎಳೆಯುವ ಇನ್ಹೇಲರ್) ಶುರು ಮಾಡಿದರೆ ಅಭ್ಯಾಸ ಆಗಿಬಿಡುತ್ತಾ?

ಎಕ್ಸ್‌ರೇ ಕ್ಲಿಯರ್, ಮಾತ್ರೆ ನುಂಗಿದರೆ ಆರಾಮ, ಪಂಪ್ ಅಂದರೆ ಭಯ. ನೀವು ಬರೆದಿರುವುದು ನಮ್ಮವ್ವನ ಕಥೆಯೇ.

ನಮ್ಮದು ಮಂಡ್ಯ ಕಡೆ. ಅವ್ವ ಬೀಡಿ ಮುಟ್ಟಿದವಳಲ್ಲ. ಆದರೆ ಹಗಲೆಲ್ಲ ಆಲೆಮನೆ ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದಳು, ಸಂಜೆ ಮನೆಯಲ್ಲಿ ಸೌದೆ ಒಲೆ. ಒಮ್ಮೆ ಉಬ್ಬಸ ಜೋರಾದಾಗ ಡಾಕ್ಟರ್ 5 ದಿನಕ್ಕೆ ಪ್ರೆಡ್ನಿಸೋಲೋನ್ ಮಾತ್ರೆ ಬರೆದರು. ಬೇಗನೆ ಎದ್ದು ಓಡಾಡಿದಳು.

ನಾನು ಕೆಟ್ಟಿದ್ದು ಅಲ್ಲೇ. ಆ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡೆ. ಉಬ್ಬಸ ಬಂದಾಗಲೆಲ್ಲ ಮೆಡಿಕಲ್ ಶಾಪಿಗೆ ಹೋಗಿ ಅದೇ ಮಾತ್ರೆ. 5 ದಿನಕ್ಕೆ ಅಂತ ಬರೆದಿದ್ದು ಕಣ್ಣಿಗೆ ಕಾಣುತ್ತಿತ್ತು, ಆದರೂ ಗುಣ ಆಗುತ್ತಿದೆಯಲ್ಲ ಅಂತ ಕೊಡುತ್ತಲೇ ಹೋದೆ. ಅಂಗಡಿಯವನೂ ಕೇಳಲಿಲ್ಲ. ಅದು ಸ್ಟೀರಾಯ್ಡ್. ಹಸಿವು ಜಾಸ್ತಿ ಮಾಡುತ್ತದೆ, ಮುಖ ತುಂಬಿಕೊಳ್ಳುತ್ತದೆ. ಅವ್ವ ಮೈ ಕೈ ತುಂಬಿಕೊಂಡಳು ಅಂತ ಖುಷಿಪಟ್ಟವರು ನಾವು! ಕೊನೆಗೆ ಸಕ್ಕರೆ ಕಾಯಿಲೆ ಬಂತು. ಮೂಳೆ ಸವೆದು, ಒಂದು ಕೊಡ ನೀರೆತ್ತಿದ್ದಕ್ಕೆ ಬೆನ್ನುಮೂಳೆ ಬಿರುಕು ಬಿಟ್ಟಿತು. ಇಷ್ಟಾದರೂ ಉಬ್ಬಸ ಯಾತಕ್ಕೆ ಬರುತ್ತಿದೆ ಅಂತ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಮೈಸೂರಿನಲ್ಲಿ ಸ್ಪೈರೋಮೆಟ್ರಿ, ಅಂದರೆ ಊದಿಸಿ ನೋಡುವ ಉಸಿರಿನ ಪರೀಕ್ಷೆ, ಮಾಡಿಸಿದಾಗ. ಮೂಗಿಗೆ ಕ್ಲಿಪ್ ಹಾಕಿ, ಪೂರ್ತಿ ಉಸಿರು ಎಳೆಸಿ, ಕೊಳವೆಗೆ ಜೋರಾಗಿ ಊದಿಸುತ್ತಾರೆ. ಪಂಪ್ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಬೇಕು. ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಬಂದಿದ್ದು ಆಗಲೂ ನೂರಕ್ಕೆ 70ಕ್ಕಿಂತ ಕಮ್ಮಿ ಇದ್ದರೆ ಸಿಒಪಿಡಿ (ಉಸಿರಿನ ದಾರಿ ಕಿರಿದಾಗಿ ಹಾಗೇ ಉಳಿಯುವ ಶ್ವಾಸಕೋಶದ ಕಾಯಿಲೆ) ಅನುಮಾನ ಗಟ್ಟಿಯಾಗುತ್ತದೆ. ಅವ್ವನಿಗೆ ಅದೇ. ಸಿಗರೇಟು ಸೇದುವವರಿಗೇ ಬರಬೇಕು ಅಂತೇನಿಲ್ಲ, ಒಲೆ ಹೊಗೆಯೂ ಸಾಕು. ಎಕ್ಸ್‌ರೇ ಮಾತ್ರ ಎಷ್ಟೋ ಜನಕ್ಕೆ ನಾರ್ಮಲ್ ಅಂತಲೇ ಬರುತ್ತದೆ.

ಹಾಗಾಗಿ ಮಾತ್ರೆಯೋ ಪಂಪೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಮೊದಲು ಊದಿಸಿ. ಕೆಮ್ಮು 2 ವಾರ ದಾಟಿದ್ದರೆ ಕಫ ಪರೀಕ್ಷೆಯೂ ಆಗಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಟಿಬಿ ಇರುವುದು ಗೊತ್ತಿಲ್ಲದೆ ಸ್ಟೀರಾಯ್ಡ್ ನುಂಗಿದರೆ ಅದು ಇನ್ನೂ ಕೆರಳುತ್ತದೆ. ಪಂಪ್ ಅಭ್ಯಾಸ ಆಗುತ್ತದೆ ಅನ್ನುವುದು ಸುಮ್ನೆ ಭಯ. ಪಂಪಿನ ಔಷಧಿ ಮೈಕ್ರೋಗ್ರಾಂ ಲೆಕ್ಕದಲ್ಲಿ, ಈ ಮಾತ್ರೆ ಮಿಲಿಗ್ರಾಂ ಲೆಕ್ಕದಲ್ಲಿ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಯಾವುದಕ್ಕೆ ಹೆದರಬೇಕು ನೀವೇ ನೋಡಿ. ಪಂಪ್ ಬರೆದರೆ ಅದರ ಬಾಯಿಗೆ ಸಿಕ್ಕಿಸುವ ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಡಬ್ಬಿಯನ್ನೂ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಔಷಧಿ ಗಂಟಲಲ್ಲೇ ಉಳಿಯುವುದು ಜಾಸ್ತಿ.

ಅಪ್ಪ ವಾರಗಟ್ಟಲೆ ಆ ಮಾತ್ರೆ ನುಂಗುತ್ತಿದ್ದರೆ ಇದನ್ನು ಓದಿ ತಟ್ಟನೆ ನಿಲ್ಲಿಸಿಬಿಡಬೇಡಿ. ಅದನ್ನು ಡಾಕ್ಟರೇ ನಿಧಾನಕ್ಕೆ ಇಳಿಸಬೇಕು.